ಸೈನಿಕರ ವೇತನ: ತೀರದ ಋಣ

ಸೈನ್ಯವನ್ನು ಕಟ್ಟುವುದಕ್ಕಿಂತ ಅದನ್ನು ಪೋಷಿಸುವುದು ಕಷ್ಟತರವಾದುದು. 1775ರಲ್ಲಿ ಅಮೆರಿಕದ ಕಾಂಗ್ರೆಸ್ಸು ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 6⅔ ಡಾಲರುಗಳ ವೇತನವನ್ನು ಗೊತ್ತುಪಡಿಸಿತು. ಆದರೆ ತೆರಿಗೆ ವಿಧಿಸುವ ಅಧಿಕಾರ ಅದಕ್ಕಿರಲಿಲ್ಲ. ಅಚ್ಚುಹಾಕಿಸಿದ ಕಾಗದದ ಹಣ ಬೆಲೆಗೆಟ್ಟಿತು, ವೇತನ ಬಾಕಿಯುಳಿಯಿತು.

1783ರ ಮಾರ್ಚಿಯಲ್ಲಿ ನ್ಯೂಬರ್ಗಿನ ಪಾಳೆಯದಲ್ಲಿ ಅಧಿಕಾರಿಗಳನ್ನು ಕೆರಳಿಸುವ ಅನಾಮಧೇಯ ಪತ್ರಗಳು ಹರಡಿದವು. ದೇಶಸೇವೆಯಲ್ಲಿ ತನ್ನ ದೃಷ್ಟಿಯೂ ಮಂದವಾಯಿತೆಂದು ಕನ್ನಡಕ ಧರಿಸುತ್ತ ನುಡಿದ ಸೇನಾಪತಿ ವಾಷಿಂಗ್ಟನ್ನನು ಅವರನ್ನು ಶಾಂತಗೊಳಿಸಿದನು. ಬಾಕಿಗೆ ಬದಲಾಗಿ ಸೈನಿಕರಿಗೆ ದೊರೆತುದು ಋಣಪತ್ರ. ಬಡತನದಿಂದ ಅನೇಕರು ಅದನ್ನು ಅಲ್ಪ ಬೆಲೆಗೆ ಮಾರಿದರು.

1789ರಲ್ಲಿ ಜಾರಿಗೆ ಬಂದ ಸಂವಿಧಾನವು ಕೇಂದ್ರಕ್ಕೆ ತೆರಿಗೆಯ ಅಧಿಕಾರವನ್ನಿತ್ತಿತು. 1790ರಲ್ಲಿ ಹ್ಯಾಮಿಲ್ಟನ್ನನ ಋಣಪರಿಹಾರ ಯೋಜನೆ ಬಂದಾಗ, ಪತ್ರದ ಮೂಲ ಒಡೆಯರಿಗೂ ಪಾಲು ಸಲ್ಲಲೆಂದು ಮ್ಯಾಡಿಸನ್ನನು ವಾದಿಸಿದನು. ಪ್ರತಿನಿಧಿಸಭೆ ಒಪ್ಪಲಿಲ್ಲ. ರಾಜ್ಯದ ಮಾತೇನೋ ಉಳಿಯಿತು. ಕಾದಿದವನ ವೇತನವು ಪತ್ರ ಕೊಂಡವನ ಪಾಲಾಯಿತು.