ಕೆಲಸದವರು ಬಾಯಿ ಬಿಡದಿದ್ದರೆ ನಷ್ಟ ಯಾರಿಗೆ?



ನಾಗಪುರದ ಮೇ ತಿಂಗಳ ಬಿಸಿಲಿನಲ್ಲಿ ದೋಸೆ ಹಿಟ್ಟು ಹುಳಿಯಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬ ಬಗ್ಗೆ ಬರೆಯಿರಿ ಎಂದು ಸಂಪಾದಕರು ಕೇಳಿದ್ದರು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಹತ್ತರ ಮೇಲೆ ರುಬ್ಬಿ, ರುಬ್ಬುವಾಗ ಐಸ್ ನೀರು ಹಾಕಿ, ಸ್ವಲ್ಪ ಸ್ವಲ್ಪವಾಗಿ ಬೇರೆ ಬೇರೆ ಪಾತ್ರೆಗಳಲ್ಲಿ ತೆಗೆದಿಟ್ಟು ಬೇಕಾದಷ್ಟನ್ನೇ ಫ್ರಿಜ್ಜಿನಿಂದ ಹೊರಗೆ ತೆಗೆಯಿರಿ. ಇಷ್ಟೇ. ಉಳಿದ ಜಾಗದಲ್ಲಿ ಬೇರೆ ವಿಷಯ ಬರೆಯುತ್ತೇನೆ. ಬರೆಯಬೇಕೋ ಬೇಡವೋ ಎಂದು ತುಂಬಾ ದಿನ ಯೋಚಿಸಿದೆ. ನಾನು ಓದಿದ್ದು ಹತ್ತನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನು ಕುಂದಾಪುರದ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ 1987ರಲ್ಲಿ ನಾಗಪುರಕ್ಕೆ ಬಂದೆ. ಆಗ ನಮ್ಮ ಕಡೆ ಕೊಂಕಣ ರೈಲು ಇರಲಿಲ್ಲ. ಬಸ್ಸಿನಲ್ಲಿ ಬೊಂಬಾಯಿ, ಅಲ್ಲಿ ಮಾವನ ಪರಿಚಯದವರ ಹೋಟೆಲಿನಲ್ಲಿ ಎರಡು ದಿನ, ಆಮೇಲೆ ವಿಟಿಯಿಂದ ರಾತ್ರಿ ರೈಲು. ಕೆಲಸ ಸಿಕ್ಕಿದ್ದು ಪೇಟೆ ನಡುವಿನ ಒಂದು ಹೋಟೆಲಿನಲ್ಲಿ. ಅದರ ಹೆಸರು ಬೇಡ. ಅದು ಮುಚ್ಚಿ ವರ್ಷಗಳಾದವು, ಧನಿಗಳೂ ಈಗಿಲ್ಲ. ಅವರು ಕೆಟ್ಟವರಲ್ಲ. ಆದರೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಂದು ಗಲ್ಲಾ ನೋಡಿ ಹೋಗುವವರು. ನಮ್ಮ ಪಾಲಿಗೆ ದೇವರೂ ಯಮನೂ ಎಲ್ಲಾ ಮ್ಯಾನೇಜರೇ.

ಕ್ಲೀನರ್ ಕೆಲಸಕ್ಕೆ ತಿಂಗಳಿಗೆ 120 ರೂಪಾಯಿ, ಊಟ ತಿಂಡಿ, ಮಲಗಲು ಹಿಟ್ಟಿನ ಚೀಲಗಳ ಪಕ್ಕದಲ್ಲಿ ಜಾಗ. ಲೋಟ ಒಡೆದರೆ ಅದರ ಬೆಲೆಯ ಎರಡರಷ್ಟು ಪಗಾರದಲ್ಲಿ ಮುರಿಯುತ್ತಿದ್ದರು. ಬೈಗುಳಕ್ಕೆ ಲೆಕ್ಕವೇ ಇರಲಿಲ್ಲ. ಅದನ್ನೆಲ್ಲ ನಾನು ದೊಡ್ಡದು ಮಾಡುವುದಿಲ್ಲ. ನಮ್ಮ ತಲೆಮಾರಿನ ಯಾರನ್ನು ಕೇಳಿದರೂ ಇದೇ ಕಥೆ ಹೇಳುತ್ತಾರೆ, ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಾರೆ. ನಾನು ಹೇಳಹೊರಟದ್ದು ಬೇರೆ.

ನನ್ನ ಜೊತೆಗೆ ಪಕ್ಕದ ಊರಿನ ಒಬ್ಬ ಮಾಣಿ ಇದ್ದ, ನನ್ನದೇ ವಯಸ್ಸು. ಒಂದೇ ಚಾಪೆ, ಒಂದೇ ಸೋಪು. 1988ರ ಗಣೇಶ ಚೌತಿಯ ಸಮಯ ಗಲ್ಲಾದಲ್ಲಿ 200 ರೂಪಾಯಿ ಕಡಿಮೆ ಬಿತ್ತು. ಮಧ್ಯಾಹ್ನ ಧನಿಗಳು ಊಟಕ್ಕೆ ಹೋದಾಗ ಮ್ಯಾನೇಜರ್ ನೋಟು ಮಡಚಿ ಕಾಲುಚೀಲದೊಳಗೆ ಸಿಕ್ಕಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಟೇಬಲ್ ಒರೆಸುತ್ತಾ ಬಗ್ಗಿದ್ದೆ, ಅವರಿಗೆ ನಾನು ಕಾಣಿಸಿರಲಿಲ್ಲ. ರಾತ್ರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಆ ಮಾಣಿಯ ಟ್ರಂಕಿನಲ್ಲಿ ಊರಿಗೆ ಕಳಿಸಲೆಂದು ಕೂಡಿಟ್ಟ 90 ರೂಪಾಯಿ ಸಿಕ್ಕಿತು. ಅಷ್ಟೇ ಸಾಕಾಯಿತು. ಹೊಡೆದರು. ಎರಡು ತಿಂಗಳ ಪಗಾರ ಮುಟ್ಟುಗೋಲು. ಅದೇ ರಾತ್ರಿ ಹೊರಗೆ ಹಾಕಿದರು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ನೆಲ ನೋಡಿದೆ.

ಹಳೆಯ ಭಟ್ಟರೊಬ್ಬರಿಗೆ ಮಾತ್ರ ಆಮೇಲೆ ಹೇಳಿದೆ. ಅವರು, "ಸುಮ್ನಿರ್ ಮಾರಾಯ, ನಿಂಗೆ ಮನೇಲಿ ಇಬ್ರು ತಂಗಿಯರಿಲ್ಯಾ?" ಅಂದರು. ಅವರ ಮಾತು ತಪ್ಪಲ್ಲ. ಇದ್ದದ್ದು ಇಬ್ಬರೇ ತಂಗಿಯರು, ಅವರ ಮದುವೆಯೂ ಆಯಿತು. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಮಗೆಲ್ಲ ಕಲಿಸಿದ್ದಾರೆ.

ಆ ಹೋಟೆಲಿನಲ್ಲಿ ಮತ್ತೆ ನಾಲ್ಕು ವರ್ಷ ಇದ್ದೆ, ಸಪ್ಲಾಯರ್ ಆದೆ, ಗಲ್ಲಾದಲ್ಲೂ ಕುಳಿತೆ. ಹೊರಗಿನಿಂದ ನೋಡಿದವರಿಗೆ ಮಾಣಿ ಮೇಲೆ ಬಂದ. ಒಳಗೆ ಆದದ್ದು ಬೇರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುತ್ತಿರಲಿಲ್ಲ. ಊರಿಗೆ ಹೋದರೆ ಅವನ ಮನೆಯ ಹಾದಿ ತಪ್ಪಿಸಿ ಗದ್ದೆಯ ಅಂಚಿನ ಮೇಲೆ ಸುತ್ತು ಹಾಕಿ ಹೋಗುತ್ತಿದ್ದೆ. ಹೊಟ್ಟೆಯಲ್ಲಿ ಹುಣ್ಣಾಯಿತು. ಹುಣ್ಣಿಗೆ ಮುಖ್ಯ ಕಾರಣ ಒಂದು ಬ್ಯಾಕ್ಟೀರಿಯಾ, ಅದನ್ನು ಕಂಡುಹಿಡಿದವರಿಗೆ 2005ರಲ್ಲಿ ನೊಬೆಲ್ ಬಹುಮಾನ ಕೂಡ ಬಂದಿದೆ ಎಂದು ನನ್ನ ಮಗಳು ಹೇಳುತ್ತಾಳೆ. ಇರಬಹುದು. ಡಾಕ್ಟರ್ ಕೊಟ್ಟ ಮಾತ್ರೆಯಿಂದ ಹುಣ್ಣು ವಾಸಿಯಾಯಿತು, ಎರಡು ಗಂಟೆಯ ಎಚ್ಚರ ವಾಸಿಯಾಗಲಿಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ, ಏನನ್ನೂ ಹೇಳದೇ ಇರುವುದೇ ನನ್ನ ಅಭ್ಯಾಸವಾಯಿತು. ಮದುವೆಯಾದ ಮೇಲೆ ಹೆಂಡತಿ, "ನಿಮ್ಮ ಹತ್ತಿರ ಹೇಳುವುದೂ ಒಂದೇ, ಗೋಡೆ ಹತ್ತಿರ ಹೇಳುವುದೂ ಒಂದೇ" ಎನ್ನುತ್ತಿದ್ದಳು. ಮಾತಾಡದೇ ಮಾತಾಡದೇ ಒಂದು ದಿನ ಕೂಗುತ್ತಿದ್ದೆ. ಅದು ಮಕ್ಕಳ ಮೇಲೆ, ಇಲ್ಲವೇ ಕೆಲಸದವರ ಮೇಲೆ. ಮೇಲಿನವರ ಮೇಲೆ ಎಂದೂ ಅಲ್ಲ.

2018ರಲ್ಲಿ ಮಗಳ ಮದುವೆಯಾದ ವರ್ಷ ಕೋಟೇಶ್ವರದ ಕೊಡಿ ಹಬ್ಬಕ್ಕೆ ಊರಿಗೆ ಹೋಗಿದ್ದೆವು. ಹೊಸ ಜೋಡಿ ಕಬ್ಬಿನ ಕೊಡಿ ತರಬೇಕೆಂಬುದು ನಮ್ಮ ಕಡೆಯ ಪದ್ಧತಿ. ಕಬ್ಬಿನ ಅಂಗಡಿಯ ಹತ್ತಿರ ಯಾರೋ ನನ್ನ ಹೆಸರು ಹಿಡಿದು ಕರೆದರು. ಅವನೇ. ತಲೆ ಬೆಳ್ಳಗಾಗಿದೆ. ಊರಲ್ಲೇ ಅಡಿಕೆ ಸುಲಿಯುವ ಕೆಲಸ, ಗಾರೆ ಕೆಲಸ ಎಲ್ಲಾ ಮಾಡಿ ಈಗ ಚಿಕ್ಕ ಅಂಗಡಿ ಇಟ್ಟುಕೊಂಡಿದ್ದಾನೆ. ಹೋಟೆಲಿನ ಮುಖ ಮತ್ತೆ ನೋಡಲಿಲ್ಲವಂತೆ. ಚಾ ಕುಡಿದೆವು. ನಾನು ಮೂವತ್ತು ವರ್ಷದಿಂದ ಮನಸ್ಸಿನಲ್ಲಿ ಕಟ್ಟಿಟ್ಟ ಮಾತು ತೆಗೆಯುವ ಮೊದಲೇ ಅವನು, "ನೀ ಕಂಡಿದ್ದೆ ಅಂದೇಳಿ ನಂಗ್ ಗೊತ್ತಿತ್" ಎಂದ. ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪಯ್ಯ ಸಾಯು ತನಕ ನನ್ನ ಕಳ್ಳ ಅಂದೇಳೇ ತಿಳ್ಕಂಡಿದ್ರ್" ಎಂದ. ಚಾದ ದುಡ್ಡು ಅವನೇ ಕೊಟ್ಟ, ನನಗೆ ಕೊಡಲು ಬಿಡಲಿಲ್ಲ.

ಇಷ್ಟು ಆದ ಮೇಲಾದರೂ ನನಗೆ ಬುದ್ಧಿ ಬಂದಿರಬೇಕಿತ್ತು. ಬರಲಿಲ್ಲ.

ಮರು ವರ್ಷ, 2019ರ ಮೇ. ಇಲ್ಲಿನ ಮೇ ತಿಂಗಳು ನಿಮಗೆ ಗೊತ್ತಿಲ್ಲದ್ದಲ್ಲ. ಹೊರಗೆ 45, 46 ಡಿಗ್ರಿ, ಭಟ್ಟಿಯ ಎದುರು ಎಷ್ಟೋ ಆ ದೇವರೇ ಬಲ್ಲ. ನನ್ನ ಹೋಟೆಲಿನಲ್ಲಿ ಬಾಲಾಘಾಟ್ ಕಡೆಯ ಒಬ್ಬ ಹುಡುಗ ಸಪ್ಲಾಯರ್ ಆಗಿದ್ದ, ಹತ್ತೊಂಬತ್ತು ವರ್ಷದವನು. (ವಯಸ್ಸು ಯಾಕೆ ಹೇಳುತ್ತೇನೆಂದರೆ, 2006ರ ಅಕ್ಟೋಬರ್ 10ರಿಂದ ಹೋಟೆಲುಗಳಲ್ಲಿ 14ರ ಒಳಗಿನ ಮಕ್ಕಳನ್ನು ಇಟ್ಟುಕೊಳ್ಳುವುದು ನಿಷೇಧವಾದ ಮೇಲೆ ನಾನು ಕಾಗದ ನೋಡದೆ ಯಾರನ್ನೂ ಸೇರಿಸಿಕೊಂಡಿಲ್ಲ. ನಿಯಮದ ವಿಷಯದಲ್ಲಿ ನನ್ನ ಹೋಟೆಲ್ ಸರಿಯಾಗಿತ್ತು ಎಂದೇ ತಿಳಿದಿದ್ದೆ.) ದಿನಾ ಇಡ್ಲಿಗೆ ಬರುವ ಒಬ್ಬ ರಿಟೈರ್ಡ್ ರೈಲ್ವೆ ನೌಕರರು ನನ್ನನ್ನು ಕರೆದು, "ಅಣ್ಣಾ, ಆ ಹುಡುಗ ಎಡಗೈಯಲ್ಲಿ ಬಡಿಸುತ್ತಿದ್ದಾನೆ, ಯಾಕೆ ಕೇಳಿ" ಎಂದರು. ಕರೆದು ಕೇಳಿದೆ. ರೂಮಿನಲ್ಲಿ ಸ್ಟವ್ ತಾಗಿತು ಎಂದ. ತೋಳಿನ ಬಟ್ಟೆ ಸರಿಸಿದರೆ ಮುಂಗೈಯಿಂದ ಮೇಲಕ್ಕೆ ಉದ್ದಕ್ಕೆ ಬೊಕ್ಕೆ. ಸ್ಟವ್ ತಾಗಿದ ಗುರುತು ಹಾಗಿರುವುದಿಲ್ಲ. ಅದು ಕಾದ ಸಟ್ಟುಗದ ಗುರುತು. ಅಡುಗೆಮನೆಯಲ್ಲಿ ಇಷ್ಟು ವರ್ಷ ಕಳೆದ ನನಗೆ ಅದು ತಿಳಿಯದೇ?

ನನ್ನ ಮಾಸ್ಟರ್ ಹನ್ನೊಂದು ವರ್ಷದಿಂದ ನನ್ನಲ್ಲಿದ್ದವನು. ಅವನ ಸಾಂಬಾರಿಗೆಂದೇ ಧರಂಪೇಠದಿಂದ ಗಿರಾಕಿಗಳು ಬರುತ್ತಿದ್ದರು. ವಿಚಾರಿಸಿದರೆ ಒಂದೊಂದೇ ಹೊರಗೆ ಬಂತು. ಹೊಡೆಯುವುದು ಹೊಸತಲ್ಲ, ಎರಡು ವರ್ಷದಿಂದ ಇದೆ. ಹೊಸ ಹುಡುಗರ ಮೊಬೈಲ್ ತೆಗೆದಿಟ್ಟುಕೊಳ್ಳುತ್ತಾನೆ. ಟಿಪ್ಸ್‌ನಲ್ಲಿ ಪಾಲು ಕೇಳುತ್ತಾನೆ. ಹದಿನಾಲ್ಕು ಜನ ಕೆಲಸದವರಿಗೆ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳುತ್ತೇನೆ. ಆ ಶನಿವಾರ ಒಂದು ಮದುವೆಯ ಕೇಟರಿಂಗ್ ಆರ್ಡರ್ ಇತ್ತು, 600 ಜನ, ಮುಂಗಡ ತೆಗೆದುಕೊಂಡಾಗಿತ್ತು. ಮಾಸ್ಟರ್ ಇಲ್ಲದೆ ಆಗುವ ಕೆಲಸವಲ್ಲ. ನಾನು ಹುಡುಗನಿಗೆ ಮುಲಾಮು, ರಜೆ, 1,000 ರೂಪಾಯಿ ಕೊಟ್ಟು ನಾಲ್ಕು ದಿನ ಸುಮ್ಮನಿದ್ದೆ. ಮದುವೆ ಚೆನ್ನಾಗಿ ಆಯಿತು. ಎಲ್ಲರೂ ಸಾರು ಹೊಗಳಿದರು. ಭಾನುವಾರ ಮಾಸ್ಟರನ್ನು ಕೂರಿಸಿ ಕೇಳಿದೆ. ಅವನು ಇಲ್ಲವೆನ್ನಲಿಲ್ಲ. "ನಾನು ಕೆಲಸ ಕಲಿತದ್ದೂ ಹೀಗೇ. ನೀವು ಕಲಿತದ್ದೂ ಹೀಗೇ ಅಲ್ಲವಾ ಅಣ್ಣಾ?" ಎಂದ. ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಲೆಕ್ಕ ಚುಕ್ತಾ ಮಾಡಿ ಕಳಿಸಿದೆ. ಜೊತೆಗೆ ಇಬ್ಬರನ್ನು ಕರೆದುಕೊಂಡು ಹೋದ. ಮೂರು ತಿಂಗಳು ಸಾಂಬಾರು ನೀರಾಗಿತ್ತು, ಗಿರಾಕಿಗಳು ಮುಖದ ಮೇಲೆಯೇ ಹೇಳಿದರು. ಬಾಲಾಘಾಟ್ ಹುಡುಗ ರಜೆಗೆ ಹೋದವನು ಮರಳಿ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಆ ನಾಲ್ಕು ದಿನ ಅವನಿಗೂ ಕಂಡಿರಬೇಕು.

ಹೇಳದೇ ಇದ್ದವರನ್ನು ನಾವು ಬೈಯುತ್ತೇವೆ, "ಮೊದಲೇ ಹೇಳಬಾರದಿತ್ತಾ?" ಎಂದು. ಆದರೆ ಹೇಳಿದವರ ಗತಿ ಏನಾಗುತ್ತದೆ ಎಂಬುದನ್ನೂ ನೋಡಬೇಕು. 2021ರ ಮಾರ್ಚ್ 25ರಂದು ಇಲ್ಲೇ ಪಕ್ಕದ ಅಮರಾವತಿ ಜಿಲ್ಲೆಯ ಮೇಳಘಾಟ್ ಹುಲಿ ಅಭಯಾರಣ್ಯದ ಹರಿಸಾಲ್‌ನಲ್ಲಿ ದೀಪಾಲಿ ಚವಾಣ್ ಎಂಬ ರೇಂಜ್ ಫಾರೆಸ್ಟ್ ಆಫೀಸರ್ ಪ್ರಾಣ ಕಳೆದುಕೊಂಡರು. ಕಾಡುಗಳ್ಳರಿಗೆ ಹೆದರದ ಹೆಣ್ಣುಮಗಳು ಎಂದು ಹೆಸರಾದವರು. ಮೇಲಧಿಕಾರಿಯ ಕಿರುಕುಳದ ಬಗ್ಗೆ ಅವರು ಬರೆದಿಟ್ಟ ಪತ್ರ ಮರಾಠಿ ಪತ್ರಿಕೆಗಳಲ್ಲಿ ಬಂತು. ಆ ಅಧಿಕಾರಿಯನ್ನು ಮರುದಿನ ನಾಗಪುರ ರೈಲ್ವೆ ಸ್ಟೇಷನ್ನಿನಲ್ಲಿ ಹಿಡಿದರು. ಸರಿ ತಪ್ಪು ಕೋರ್ಟಿಗೆ ಸೇರಿದ್ದು, ನಾನು ಹೇಳುವುದಿಲ್ಲ. ನನ್ನ ಮನಸ್ಸಿಗೆ ನಾಟಿದ್ದು ಒಂದೇ. ಆಕೆ ಸುಮ್ಮನಿದ್ದವರಲ್ಲ. ಇನ್ನೂ ಮೇಲಿನವರಿಗೆ ಹೇಳಿಕೊಂಡಿದ್ದೆ, ಏನೂ ಆಗಲಿಲ್ಲ ಎಂದು ಅದೇ ಪತ್ರದಲ್ಲಿತ್ತು. ಯೂನಿಫಾರ್ಮ್ ಹಾಕಿದ, ಓದಿದ ಅಧಿಕಾರಿಯ ಮಾತನ್ನೇ ಕೇಳುವವರಿಲ್ಲ ಎಂದ ಮೇಲೆ ನಮ್ಮ ಲೋಟ ತೊಳೆಯುವವನು ಯಾವ ಧೈರ್ಯದಿಂದ ಬಾಯಿ ಬಿಡಬೇಕು? 2024ರಲ್ಲಿ ಪುಣೆಯಲ್ಲಿ ಅನ್ನಾ ಸೆಬಾಸ್ಟಿಯನ್ ಎಂಬ 26 ವರ್ಷದ ಸಿ.ಎ. ಹುಡುಗಿ ತೀರಿಕೊಂಡಾಗಲೂ ಹೀಗೇ. ಕೆಲಸದ ಒತ್ತಡದ ಬಗ್ಗೆ ದೇಶಕ್ಕೆ ತಿಳಿದದ್ದು ಆಮೇಲೆ ತಾಯಿ ಬರೆದ ಪತ್ರದಿಂದ. ಕಂಪನಿಯವರು ಅದನ್ನು ಒಪ್ಪಲಿಲ್ಲ.

ಕಾನೂನುಗಳು ಇವೆ. ವಾರಕ್ಕೊಂದು ರಜೆ ಮಹಾರಾಷ್ಟ್ರದ ಹೋಟೆಲುಗಳಿಗೆ 1948ರ ಕಾಯ್ದೆಯಲ್ಲೇ ಇತ್ತು. ನಮ್ಮಲ್ಲಿ ಎಷ್ಟು ಜನ ಕೊಟ್ಟಿದ್ದೆವು, ಎದೆ ಮುಟ್ಟಿ ಹೇಳಿ. ಹತ್ತು ಜನ ಕೆಲಸದವರಿದ್ದರೆ ಹೆಂಗಸರ ಮೇಲಿನ ಲೈಂಗಿಕ ಕಿರುಕುಳದ ದೂರು ಕೇಳಲು ಒಂದು ಸಮಿತಿ ಇರಬೇಕೆಂದು 2013ರ ಕಾನೂನು ಹೇಳುತ್ತದೆ. ತರಕಾರಿ ಹೆಚ್ಚುವ ಇಬ್ಬರು ಹೆಂಗಸರಿಗೆ ಸಮಿತಿಯೇ ಎಂದು ನಾನೂ ನಕ್ಕವನೇ. ಮನಸ್ಸು ಕೆಟ್ಟರೆ ಯಾರ ಹತ್ತಿರ ಹೋಗಬೇಕೆಂಬುದೂ ನಮ್ಮವರಿಗೆ ಗೊತ್ತಿರಲಿಲ್ಲ. ನಾಗಪುರದಲ್ಲಿ ಆ ಮಾತು ತೆಗೆದರೆ ಎಲ್ಲರ ಬಾಯಲ್ಲಿ ಬರುವುದು ಪಾಗಲ್‌ಖಾನಾ ಚೌಕ ಒಂದೇ. 2022ರ ಅಕ್ಟೋಬರಿನಲ್ಲಿ ಸರ್ಕಾರ ಟೆಲಿ ಮಾನಸ್ ಎಂದು ಫೋನ್ ಸೇವೆ ಶುರು ಮಾಡಿತು. ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಕೈ ತೊಳೆಯುವ ಜಾಗದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಿದ್ದೇನೆ. ಯಾರು ಮಾಡಿದರು, ಮಾಡಲಿಲ್ಲ ಎಂದು ಕೇಳುವುದಿಲ್ಲ.

ನಾನು ಮಾಡಿದ ಬದಲಾವಣೆ ದೊಡ್ಡದೇನಲ್ಲ. ಪಗಾರ ಅವರವರ ಬ್ಯಾಂಕ್ ಖಾತೆಗೇ ಹೋಗುತ್ತದೆ, ಮಾಸ್ಟರ್ ಕೈಯಿಂದ ಹಾಯುವುದಿಲ್ಲ. ಮೊಬೈಲ್ ಯಾರೂ ಕಿತ್ತಿಟ್ಟುಕೊಳ್ಳುವಂತಿಲ್ಲ. ಹೆಂಗಸರು ನನ್ನ ಹತ್ತಿರ ಹೇಳಲಾಗದ್ದನ್ನು ನನ್ನ ಹೆಂಡತಿಯ ಹತ್ತಿರ ಹೇಳಬಹುದು. ಸೋಮವಾರ ಮಧ್ಯಾಹ್ನ ಮೂರೂವರೆಗೆ ಶಟರ್ ಅರ್ಧ ಇಳಿಸಿ ಎಲ್ಲರ ಜೊತೆ ಚಾ ಕುಡಿಯುತ್ತೇವೆ. ಮಾಸ್ಟರ್, ಕ್ಯಾಷಿಯರ್ ಅಲ್ಲಿರುವುದಿಲ್ಲ, ಅವರದು ಬೇರೆ ಹೊತ್ತಿಗೆ. ಏನಾದರೂ ಇದ್ದರೆ ಹೇಳಿ ಎಂದೆ. ಆರು ವಾರ ಯಾರೂ ಬಾಯಿ ಬಿಡಲಿಲ್ಲ. ಚಾ ಕುಡಿದು, ಬಿಸ್ಕಿಟ್ ತಿಂದು, ಎದ್ದು ಹೋಗುತ್ತಿದ್ದರು. ಇದು ವ್ಯರ್ಥ ಎಂದು ಹೆಂಡತಿಗೆ ಹೇಳಿದೆ. "ನೀವು ಮೂವತ್ತು ವರ್ಷ ತೆಗೆದುಕೊಂಡಿರಿ, ಅವರಿಗೆ ಆರು ವಾರ ಜಾಸ್ತಿಯಾಯಿತಾ?" ಎಂದಳು.

ಏಳನೇ ಸೋಮವಾರ ಪಾತ್ರೆ ತೊಳೆಯುವ ಬಾಯಿ ಕೈ ಒರೆಸಿಕೊಂಡು ಎದ್ದು ನಿಂತಳು. ಇಟ್ವಾರಿ ಕಡೆಯಿಂದ ಬರುವವಳು, ನನ್ನಲ್ಲಿ ಎಂಟು ವರ್ಷದಿಂದ ಇದ್ದಾಳೆ. "ಅಣ್ಣಾ, ನೀವು ಗಲ್ಲಾದಿಂದ ಕೂಗಿದಾಗ ನನ್ನ ಕೈಯಲ್ಲಿದ್ದ ಕಪ್ಪು ಜಾರುತ್ತದೆ. ಒಡೆದದ್ದಕ್ಕೆ ಆಮೇಲೆ ನೀವೇ ದುಡ್ಡು ಹಿಡಿಯುತ್ತೀರಿ" ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ಒಬ್ಬ ಹುಡುಗ ನಗು ತಡೆಯಲಾರದೆ ಎದ್ದು ಒಳಗೆ ಓಡಿದ.

ರಾತ್ರಿ ಪುಸ್ತಕ ತೆಗೆದು ನೋಡಿದೆ. ಆ ವರ್ಷ ಆಕೆಯ ಪಗಾರದಿಂದ ಒಡೆದ ಸಾಮಾನಿಗೆಂದು 640 ರೂಪಾಯಿ ಮುರಿದಿದ್ದೆ. ಮರುದಿನ ಎಣಿಸಿ ಕೊಟ್ಟೆ. ಕೂಗುವುದು ಪೂರ್ತಿ ನಿಂತಿದೆ ಎಂದರೆ ಸುಳ್ಳಾಗುತ್ತದೆ. ಈಗ ಕೂಗಿದ ಕೂಡಲೇ ಒಳಗಿನಿಂದ ಯಾರಾದರೂ "ಕಪ್ಪು, ಅಣ್ಣಾ, ಕಪ್ಪು!" ಎನ್ನುತ್ತಾರೆ.