ತರಿಯ ಹದ

ಧಾನ್ಯವನ್ನು ಮುರಿಯುವ ಕೆಲಸಕ್ಕೆ ಕನ್ನಡದಲ್ಲಿ ಎಷ್ಟು ಮಾತುಗಳಿವೆ ಎಂದು ಓದುಗರು ಎಂದಾದರೂ ಲೆಕ್ಕ ಹಾಕಿದ್ದುಂಟೆ? ಜಜ್ಜುವುದು, ಕುಟ್ಟುವುದು, ಒಡೆಯುವುದು, ಬೀಸುವುದು, ಅರೆಯುವುದು, ರುಬ್ಬುವುದು—ಒಂದೊಂದೂ ಬೇರೆ ಕೆಲಸ. ಆ ಕೆಲಸದಿಂದ ಹುಟ್ಟುವ ಪದಾರ್ಥಕ್ಕೂ ಅಷ್ಟೇ ಹೆಸರುಗಳು: ನುಚ್ಚು, ತರಿ, ರವೆ, ಹಿಟ್ಟು. ನುಡಿಯ ಸಿರಿವಂತಿಕೆಗೆ ನಿದರ್ಶನವೆಂದು ಈ ಪಟ್ಟಿಯನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಒಪ್ಪಿಸುತ್ತ ಬಂದಿದ್ದೇನೆ. ಅದರ ಹಿಂದಿರುವ ಅವಶ್ಯಕತೆ ನನಗೆ ಮನದಟ್ಟಾದದ್ದು ಮಾತ್ರ ಕಳೆದ ಬೇಸಗೆಯಲ್ಲಿ, ನಮ್ಮ ಮನೆಯ ಹಿಂಜಗಲಿಯ ಮೇಲೆ.

ನಮ್ಮ ಮನೆ ಶೃಂಗೇರಿಗೆ ಹೊಂದಿಕೊಂಡ ಮೆಣಸೆಯಲ್ಲಿದೆ. ಅಡಿಗೆಮನೆಯ ಹಳೆಯ ನೆಲವನ್ನು ಕಿತ್ತು ಹೊಸದಾಗಿ ಹಾಸುವ ಕೆಲಸ ಆಗ ನಡೆದಿತ್ತು. ಮೂಲೆಯಲ್ಲಿದ್ದ ಬೀಸುವ ಕಲ್ಲನ್ನು ಕೆಲಸದವರು ಎತ್ತಿ ಹಿಂಜಗಲಿಯಲ್ಲಿ ಇರಿಸಿದ್ದರು. ಅದನ್ನು ಮರಳಿ ಒಳಗೆ ತರುವ ಅಗತ್ಯವಿಲ್ಲವೆಂದೂ, ಅಂಗಳದ ಹೂಗಿಡಗಳ ನಡುವೆ ಇಟ್ಟರೆ ಶೋಭೆಯಾದೀತೆಂದೂ ತೀರ್ಮಾನಿಸಿದವನು ನಾನೇ. ತಾಯಿ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ.

ಹೀಗಿರಲಾಗಿ ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನನ್ನ ಅಕ್ಕನ ಮಗ ರಜೆಯ ಮೇಲೆ ಬಂದ. ಅವನಿಗೊಂದು ಹವ್ಯಾಸವಿದೆ: ಮನೆಯಲ್ಲಿಯೇ ಬಿಯರ್ ತಯಾರಿಸುವುದು. ಅಲ್ಲಿ ಅದು ಅಪರಾಧವಲ್ಲ. ಮನೆಬಳಕೆಗೆ ತಯಾರಿಸಬಹುದೆಂದು 1978ರಲ್ಲಿ ಅಲ್ಲಿನ ಒಕ್ಕೂಟ ಸರ್ಕಾರ ಶಾಸನ ಮಾಡಿತು. ಇಂಗ್ಲೆಂಡಿನಲ್ಲಿ ಇದಕ್ಕಿದ್ದ ಪರವಾನಿಗೆಯ ಕಟ್ಟು 1963ರಲ್ಲಿಯೇ ಬಿಟ್ಟುಹೋಗಿತ್ತು. ನಮ್ಮಲ್ಲಿಯಾದರೋ 1965ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಿಗೆಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದುದರಿಂದ ಅವನು ಮೆಣಸೆಗೆ ತಂದದ್ದು ಹವ್ಯಾಸವನ್ನಲ್ಲ, ಅದರ ಒಂದು ಸಮಸ್ಯೆಯನ್ನು. ಜೊತೆಗೆ ಬೆಂಗಳೂರಿನ ಗೆಳೆಯನಿಂದ ಪಡೆದ ಅರ್ಧ ಕಿಲೋ ಮೊಳಕೆ ಕಟ್ಟಿ ಒಣಗಿಸಿದ ಜವೆಗೋಧಿಯನ್ನು. ಊರಿಗೆ ಮರಳಿದೊಡನೆ ಅವನು ಧಾನ್ಯ ಒಡೆಯುವ ಯಂತ್ರವೊಂದನ್ನು ಕೊಳ್ಳಬೇಕಿತ್ತು. ಯಾವುದನ್ನು ಕೊಳ್ಳುವುದು? ಪಾನದ ಗುಣದೋಷಗಳ ವಿಚಾರ ಈ ಲೇಖನದ ವಿಷಯವಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಆಯ್ಕೆಯ ಪ್ರಶ್ನೆ.

ಮೊಳಕೆಯ ಧಾನ್ಯ ನಮಗೆ ಹೊಸದೇನಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ ಎಳೆಯ ಮಕ್ಕಳಿಗೆ ಗಂಜಿ ಕಾಯಿಸಿ ಕೊಡದ ಮನೆ ನಮ್ಮ ನಾಡಿನಲ್ಲಿ ವಿರಳ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸಬಲ್ಲವು. ಬಿಯರ್ ಮಾಡುವವರು ಮೊಳೆತ ಜವೆಗೋಧಿಯನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆಯಷ್ಟು ಕಾಲ ನೆನೆಸಿಟ್ಟು ಆ ಸಕ್ಕರೆಯನ್ನು ನೀರಿಗೆ ಇಳಿಸಿಕೊಳ್ಳುತ್ತಾರೆ. ಆಮೇಲೆ ಸಿಹಿನೀರನ್ನು ಸೋಸುತ್ತಾರೆ. ಯಂತ್ರದ ಆಯ್ಕೆ ನಿಂತಿರುವುದು ಈ ಸೋಸುವ ಘಟ್ಟದ ಮೇಲೆ.

ಮಲೆನಾಡಿನವರಿಗೆ ಇದನ್ನು ಕಾಫಿ ಫಿಲ್ಟರಿನ ಉದಾಹರಣೆಯಿಂದ ಹೇಳಬಹುದು. ಪುಡಿ ತೀರ ನಯವಾದರೆ ಮೇಲಿನ ಪಾತ್ರೆಯಲ್ಲಿ ನೀರು ಕಟ್ಟಿ ನಿಲ್ಲುತ್ತದೆ. ತೀರ ಒರಟಾದರೆ ಡಿಕಾಕ್ಷನ್ ಬಣ್ಣದ ನೀರಾಗಿ ಇಳಿದುಹೋಗುತ್ತದೆ. ಜವೆಗೋಧಿಯ ಕಥೆಯೂ ಇದೇ. ಒಂದು ವಿಶೇಷವೇನೆಂದರೆ, ಅದರ ಹೊಟ್ಟು ಕಾಳಿಗೆ ಅಂಟಿಕೊಂಡೇ ಇರುತ್ತದೆ. ಆ ಹೊಟ್ಟು ಇಡಿಯಾಗಿ ಉಳಿದರೆ ತಳದಲ್ಲಿ ಹಾಸಿಕೊಂಡು ತಾನೇ ಜರಡಿಯಾಗುತ್ತದೆ. ಪುಡಿಯಾದರೆ ಜರಡಿಯೇ ಇಲ್ಲ. ಹಿಟ್ಟು ಅಂಟಾಗಿ ಸೋಸುವುದು ನಿಲ್ಲುತ್ತದೆ, ರುಚಿಗೂ ಒಗರು ಬರುವ ಭಯವಿದೆ. ಹಾಗೆಂದು ಕಾಳು ಒಡೆಯದೆ ಉಳಿದರೆ ಒಳಗಿನ ಸಾರ ಒಳಗೇ ಉಳಿಯಿತು. ಒಳಗಿನದು ತರಿಯಾಗಬೇಕು, ಹೊರಗಿನದು ಮುರಿಯಬಾರದು.

ಅಳಿಯನ ಮುಂದಿದ್ದ ದಾರಿಗಳು ಮೂರು. ಮೊದಲನೆಯದು ಮಿಕ್ಸಿ. ಅದರ ಅಲಗು ಕಾಳನ್ನು ಹೊಡೆದು ತುಂಡರಿಸುತ್ತದೆ. ಒಂದೇ ಸುತ್ತಿನಲ್ಲಿ ಹಿಟ್ಟೂ ಉಂಟು, ಇಡಿಗಾಳೂ ಉಂಟು. ಅದನ್ನು ಅವನು ಆಗಲೇ ಕೈಬಿಟ್ಟಿದ್ದ. ಎರಡನೆಯದು ಎರಡು ಉಕ್ಕಿನ ತಟ್ಟೆಗಳ ಕೈಯಂತ್ರ. ದಕ್ಷಿಣ ಅಮೆರಿಕದ ಮನೆಗಳಲ್ಲಿ ಮೆಕ್ಕೆಜೋಳ ಅರೆಯಲು ಹುಟ್ಟಿದ್ದು, ಬೆಲೆಯೂ ಅಗ್ಗ. ಕಾಳನ್ನು ತಟ್ಟೆಗಳ ನಡುವೆ ಉಜ್ಜುವುದರಿಂದ ಹೊಟ್ಟು ಹರಿಯುವುದು ಅದರ ಕೊರತೆ. ತಟ್ಟೆಗಳನ್ನು ಕೊಂಚ ಸಡಿಲಿಸಿ ಒಗ್ಗಿಸಿಕೊಳ್ಳುವವರಿದ್ದಾರೆ. ಮೂರನೆಯದು ಎರಡು ಉರುಳೆಗಳ ಯಂತ್ರ. ಸುಮಾರು ಒಂದು ಮಿಲಿಮೀಟರಿನ ಸಂದಿನಲ್ಲಿ ಕಾಳು ಹಿಸುಕಿಕೊಂಡು ಬಿರಿಯುತ್ತದೆ, ಹೊಟ್ಟು ಬಹುಮಟ್ಟಿಗೆ ಇಡಿಯಾಗಿ ಉಳಿಯುತ್ತದೆ. ಆದರೆ ಬೆಲೆ ಹೆಚ್ಚು. ಅದೇ ಸಂದಿಗೆ ನಮ್ಮ ರಾಗಿಯನ್ನು ಸುರಿದರೆ ಎಷ್ಟೋ ಕಾಳು ಮುರಿಯದೆ ಜಾರಿಹೋಗುತ್ತದೆ. ಎಲ್ಲ ಧಾನ್ಯಕ್ಕೂ ಸಲ್ಲುವ ಒಂದು ಯಂತ್ರವಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಅವನ ಕಣ್ಣು ಜಗಲಿಯ ಮೇಲಿದ್ದ ಕಲ್ಲಿನ ಮೇಲೆ ಬಿತ್ತು.

“ಮಾವ, ಇದರಲ್ಲೇ ಒಮ್ಮೆ ನೋಡೋಣವಾ?”

ಮೊದಲ ಹಿಡಿಯನ್ನು ನಾವಿಬ್ಬರೇ ಹಾಕಿ ತಿರುಗಿಸಿದೆವು. ಬಂದದ್ದು ಹೊಟ್ಟು ಬೆರೆತ ಹಿಟ್ಟು. ಕಂಬಕ್ಕೊರಗಿ ನೋಡುತ್ತಿದ್ದ ತಾಯಿ ಹತ್ತಿರ ಬಂದು ಕುಳಿತರು. ಅದೇನು ಧಾನ್ಯ, ಏತಕ್ಕೆ ಎಂದು ವಿಚಾರಿಸಿದರು. ಮೊಮ್ಮಗ ಮುಚ್ಚುಮರೆಯಿಲ್ಲದೆ ಹೇಳಿದ.

“ಕುಡಿಯೋದು ನಿನ್ನ ಪಾಪ ಪುಣ್ಯ. ಒಡೆಯೋದನ್ನಾದರೂ ಸರಿಯಾಗಿ ಒಡಿ. ನಿಂಗೆ ಬೇಕಾದ್ದು ಹಿಟ್ಟಲ್ಲ, ಕಡುಬಿನ ತರಿ ಇದ್ದ ಹಾಗೆ ಇರಬೇಕು, ಅಲ್ವಾ?”

ಅರ್ಧ ಗಂಟೆಯಿಂದ ನಾವು ಕಿಣ್ವ, ಪಿಷ್ಟ, ಮಿಲಿಮೀಟರುಗಳಲ್ಲಿ ಹೇಳುತ್ತಿದ್ದುದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು. ಅಕ್ಕಿ ತರಿಯ ಕಡುಬು ನಮ್ಮ ಸೀಮೆಯ ನಿತ್ಯದ ತಿಂಡಿ. ಅಕ್ಕಿ ಹಿಟ್ಟಾದರೆ ಕಡುಬು ಅಂಟಾಗುತ್ತದೆ, ನುಚ್ಚಾಗಿಯೇ ಉಳಿದರೆ ಉಂಡೆ ಕೂಡುವುದಿಲ್ಲ.

ತಾಯಿ ಹಳೆಯ ಬಟ್ಟೆಯ ಚೂರೊಂದನ್ನು ತರಿಸಿ, ನಡುಗೂಟದ ಬುಡಕ್ಕೆ ತೆಳ್ಳಗೆ ಸಿಂಬೆ ಸುತ್ತಿ ಮೇಲುಕಲ್ಲನ್ನು ಕೂರಿಸಿದರು. ಕಲ್ಲುಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿತು. ಆಮೇಲೆ ಧಾನ್ಯದ ಮೇಲೆ ಬೆರಳಿನಿಂದ ನೀರು ಚಿಮುಕಿಸಿ, ಕೈಯಾಡಿಸಿ, ಕಾಲು ಗಂಟೆ ಬಿಟ್ಟರು. ಪಾಯಸದ ಗೋಧಿಯನ್ನು ಕುಟ್ಟುವ ಮುನ್ನ ನೀರು ಚಿಮುಕಿಸುವುದನ್ನು ಓದುಗರಲ್ಲಿ ಎಷ್ಟೋ ಮಂದಿ ನೋಡಿರಬಹುದು. ಸಿಪ್ಪೆ ಮೆತ್ತಗಾಗಿ, ಪುಡಿಯಾಗದೆ ಬಿಟ್ಟುಬರುತ್ತದೆ. ಅಳಿಯ ಬೆರಗಾದ. ನುರಿತ ಬಿಯರ್ ತಯಾರಕರೂ ಇದನ್ನೇ ಮಾಡುತ್ತಾರಂತೆ. ಧಾನ್ಯದ ತೂಕದ ನೂರಕ್ಕೆ ಎರಡರಷ್ಟು ನೀರು ಎಂದು ಅವರ ಲೆಕ್ಕ. ನಮ್ಮ ತಾಯಿಯ ಲೆಕ್ಕ ಬೆರಳಿನದು.

ಈ ಸಲ ಬಂದುದನ್ನು ಮೊರದಲ್ಲಿ ಹಾಕಿ ಕೇರಿದಾಗ ಮೂರು ಪಾಲು ತಾನಾಗಿ ಬೇರೆಯಾಯಿತು: ಹಗುರವಾದ ಹೊಟ್ಟು, ನಡುವೆ ತರಿ, ತಳದಲ್ಲಿ ಹಿಟ್ಟು. ಹೊಟ್ಟು ಮೊದಲಿಗಿಂತ ಎಷ್ಟೋ ಇಡಿಯಾಗಿತ್ತು. ಆದರೂ ಹಿಟ್ಟಿನ ಪಾಲು ಬೇಕಾದುದಕ್ಕಿಂತ ಹೆಚ್ಚೇ. ಕಾರಣವನ್ನು ತಾಯಿಯೇ ತೋರಿಸಿದರು. ಕೆಳಕಲ್ಲಿನ ಒಂದು ಮಗ್ಗುಲು ಸವೆದು ನುಣುಪಾಗಿತ್ತು. ಆ ಕಡೆ ಕಲ್ಲು ಒಡೆಯುತ್ತಿರಲಿಲ್ಲ, ಉಜ್ಜುತ್ತಿತ್ತು. ಉಳಿಯಿಂದ ಮತ್ತೆ ಹಲ್ಲು ಕೊಡಿಸಿ ಎಷ್ಟೋ ವರ್ಷಗಳಾಗಿದ್ದವು.

ಹಳೆಯದೆಂಬ ಅಭಿಮಾನದಿಂದ ನಾನು ಈ ಕಲ್ಲಿಗೆ ಗೆಲುವನ್ನು ಕಟ್ಟಿಕೊಡಲಾರೆ. ಜವೆಗೋಧಿಯನ್ನು ಒಡೆಯಲು ಉರುಳೆಯ ಯಂತ್ರವೇ ಮೇಲು. ಅಳಿಯ ಅದನ್ನೇ ಕೊಳ್ಳುವುದೆಂದು ನಿಶ್ಚಯಿಸಿದ. ಅವನು ಒಂದು ಸಲಕ್ಕೆ ಇಪ್ಪತ್ತು ಲೀಟರ್ ತಯಾರಿಸುತ್ತಾನೆ. ಅದಕ್ಕೆ ನಾಲ್ಕೈದು ಕಿಲೋ ಧಾನ್ಯ ಬೇಕು. ಉರುಳೆಗೆ ವಿದ್ಯುತ್ ಬೈರಿಗೆಯನ್ನು ಜೋಡಿಸಿದರೆ ಅದು ಕೆಲವೇ ನಿಮಿಷಗಳ ಮಾತು. ನಮ್ಮ ಕಲ್ಲಿನಲ್ಲಿ ಅರ್ಧ ಕಿಲೋ ಮುಗಿಸುವುದರೊಳಗೇ ಅವನ ಅಂಗಿ ಬೆವರಿನಿಂದ ತೊಯ್ದಿತ್ತು. ಒಡೆದ ಧಾನ್ಯವನ್ನು ತಾಯಿ ಬೇಯಿಸಿ ದನಕ್ಕೆ ಹಾಕಿದರು. ಬಿಯರಿನ ಕಾರ್ಖಾನೆಗಳಿಂದ ಹೊರಬೀಳುವ ಗಸಿಯೂ ಕೊನೆಗೆ ಸೇರುವುದು ಬಹುಮಟ್ಟಿಗೆ ದನದ ಗೋದಲಿಯನ್ನೇ.

ಅಂಗೈಯ ಬೊಬ್ಬೆಯನ್ನು ನೋಡಿಕೊಳ್ಳುತ್ತ ಅಳಿಯ ಕೇಳಿದ: “ಅಜ್ಜಿ, ದಿನಾ ಎಷ್ಟು ಬೀಸ್ತಿದ್ರಿ?”

“ಎರಡು ಸೇರು. ನೆಂಟರು ಬಂದರೆ ನಾಲ್ಕು.”

ನಾನು ಮೇಷ್ಟರ ಚಪಲದಿಂದ ನಡುವೆ ಬಾಯಿ ಹಾಕಿದೆ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದಂದಿನಿಂದ ಬೀಸುವ ಪದಗಳಿಗೆ ನಮ್ಮ ಸಾಹಿತ್ಯದಲ್ಲಿ ಗೌರವದ ಸ್ಥಾನವಿದೆ. ಅವುಗಳ ಲಯ ಕಲ್ಲಿನ ಸುತ್ತಿನಿಂದ ಹುಟ್ಟಿತೆಂದು ನಾನು ಪಾಠ ಮಾಡುತ್ತೇನೆ. ನೀವೂ ಹಾಡುತ್ತಿದ್ದಿರಲ್ಲ ಎಂದೆ.

“ಹಾಡು ಅಂತ ನಾವು ಹೇಳಿದ್ದಲ್ಲ ಮಾರಾಯ. ನಾಲ್ಕು ಗಂಟೆಗೆ ಎದ್ದು ಕೂತರೆ ಕಣ್ಣು ಎಳೀತಿತ್ತು. ಬಾಯಿ ಸುಮ್ಮನಾದರೆ ಕೈಯೂ ನಿಲ್ತಿತ್ತು. ಕಲ್ಲು ತಿರುಗ್ತಾ ಇದೆ ಅಂತ ಒಳಗೆ ಅತ್ತೆಗೆ ಕೇಳಿಸಬೇಕಲ್ಲ.”

ನಾನು ಸುಮ್ಮನಾದೆ. ಇಪ್ಪತ್ತು ವರ್ಷಗಳಿಂದ ಬೀಸುವ ಪದಗಳನ್ನು ಕಲಿಸುತ್ತಿರುವ ನಾನು ಆ ದಿನದವರೆಗೆ ಒಂದು ಹಿಡಿ ಅಕ್ಕಿಯನ್ನೂ ಬೀಸಿದವನಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಧಾನ್ಯ ಅರೆದ ಕಲ್ಲುಗಳು ದೊರೆತಿವೆ. ಹುರುಳಿ, ಹೆಸರು, ಕಿರುಧಾನ್ಯಗಳನ್ನು ಬೆಳೆದು ಉಂಡವರು ಅವರು. ಹನ್ನೆರಡನೆಯ ಶತಮಾನದ ಶರಣೆಯೊಬ್ಬಳು ಭತ್ತ ಕುಟ್ಟುವ ಕಾಯಕದಿಂದಲೇ ಕೊಟ್ಟಣದ ಸೋಮಮ್ಮ ಎನಿಸಿಕೊಂಡಳು. ಅಂದಿನಿಂದ ಇಂದಿನವರೆಗೆ ಕಲ್ಲಿನ ಆಕಾರ ಬದಲಾಯಿತು; ಮನೆಯೊಳಗೆ ಅದರ ಮುಂದೆ ಕುಳಿತವರು ಹೆಚ್ಚಾಗಿ ಹೆಂಗಸರೇ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಹಾಡು ಹೋಯಿತೆಂದು ನಾವು ಬರೆದೆವು. ಗಿರಣಿಗೆ ಕೈಮುಗಿದ ತೋಳುಗಳ ಮಾತನ್ನು ನಾವು ಕೇಳಲಿಲ್ಲ.

ಆದುದರಿಂದ ಬೀಸುವ ಸಾಧನವನ್ನು ಆರಿಸಿಕೊಳ್ಳುವವರಿಗೆ ನನ್ನಿಂದ ಎರಡೇ ಪ್ರಶ್ನೆ. ಕಾಳು ಎಲ್ಲಿಯವರೆಗೆ ಒಡೆಯಬೇಕು? ಅದನ್ನು ತಿರುಗಿಸುವ ತೋಳು ಯಾರದು? ಮೊದಲನೆಯ ಪ್ರಶ್ನೆಗೆ ಯಂತ್ರ ಮಾರುವವರು ಉತ್ತರ ಹೇಳಿಯಾರು. ಎರಡನೆಯದಕ್ಕೆ ಮನೆಯವರೇ ಹೇಳಬೇಕು.

ಅಡಿಗೆಮನೆಯ ನೆಲ ಮುಗಿದ ಮೇಲೆ ಕಲ್ಲುಕುಟಿಗನೊಬ್ಬನನ್ನು ಕರೆಸಿ ಎರಡೂ ಕಲ್ಲುಗಳಿಗೆ ಉಳಿ ಹಾಕಿಸಿದೆ. ಕಲ್ಲನ್ನು ಒಳಗೆ ತಂದು ಮೂಲೆಯಲ್ಲಿಡುವಾಗ ತಾಯಿ ಕೇಳಿದರು:

“ಯಾರು ಬೀಸ್ತಾರೆ?”

“ನಾನೇ. ಭಾನುವಾರ, ಕಡುಬಿಗೆ.”

ತಾಯಿ ನಕ್ಕರು, ನಂಬಿದಂತೆ ತೋರಲಿಲ್ಲ. ಮೊದಲ ಭಾನುವಾರ ಅಕ್ಕಿಯಲ್ಲಿ ಅರ್ಧ ಹಿಟ್ಟಾಯಿತು. ಅವರು ಏನೂ ಅನ್ನದೆ ಅದನ್ನು ಜರಡಿ ಹಿಡಿದು ಬೇರೆಮಾಡಿ, ಮರುದಿನ ರೊಟ್ಟಿ ತಟ್ಟಿದರು. ಎರಡನೆಯ ವಾರವೂ ರೊಟ್ಟಿಯೇ. ಸಿಂಬೆಯನ್ನು ಎಷ್ಟು ದಪ್ಪ ಸುತ್ತಬೇಕೆಂಬುದು ಕೈಗೆ ಹತ್ತಲು ಮಳೆಗಾಲ ಅರ್ಧ ಕಳೆಯಿತು. ಕಳೆದ ಭಾನುವಾರ ತಾಯಿ ಮೊರದಿಂದ ಒಂದು ಚಿಟಿಕೆ ಎತ್ತಿ, ಬೆರಳುಗಳ ನಡುವೆ ಉಜ್ಜಿ ನೋಡಿ, “ಇವತ್ತು ತರಿ ಅಡ್ಡಿಯಿಲ್ಲ” ಎಂದು ಹೇಳಿ ಒಲೆಯ ಮೇಲೆ ನೀರಿಟ್ಟರು.