ಹಿಮದೊಳಗಿನ ಮಿಡತೆಕಾಲು

ಬೇಸಿಗೆ ಮುಗಿಯುವ ಹೊತ್ತು. ಅಮೆರಿಕದ ವ್ಯೋಮಿಂಗ್ ರಾಜ್ಯದ ವಿಂಡ್ ರಿವರ್ ಬೆಟ್ಟಸಾಲಿನಲ್ಲಿ ನೈಫ್ ಪಾಯಿಂಟ್ ಎಂಬ ಹಿಮನದಿ ಮಧ್ಯಾಹ್ನದ ಬಿಸಿಲಿಗೆ ಬೆವರುತ್ತಿದೆ. ಬೂಟಿನಡಿ ಕಲ್ಲುಪ್ಪು ತುಳಿದಂತೆ ಹಿಮ ಕರಕರ ಎನ್ನುತ್ತದೆ, ಎಲ್ಲೋ ಒಳಗಿನಿಂದ ಸಣ್ಣಗೆ ನೀರು ಹರಿಯುವ ಸದ್ದು ಕೇಳುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋದರೆ, ಯಾರೋ ಸೋಸಿದ ಚಹಾದ ಚರಟ ಚೆಲ್ಲಿಹೋದ ಹಾಗೆ ಬಿಳುಪಿನ ಮೇಲೆ ಕಂದು ಕಲೆಗಳು. ಬಗ್ಗಿ ನೋಡಿ. ಮುರಿದ ರೆಕ್ಕೆ, ದವಡೆಯ ಚೂರು, ಗರಗಸದಂತೆ ಮುಳ್ಳಿರುವ ಹಿಂಗಾಲು. ಅಪರೂಪಕ್ಕೆ ಒಂದು ಇಡೀ ಮಿಡತೆ, ನೆಂದು ಮೆತ್ತಗಾಗಿ, ಬಣ್ಣಗೆಟ್ಟು ಮಲಗಿದೆ. ಬಿಸಿಲು ತಗುಲಿದಲ್ಲೆಲ್ಲ ಕೊಳೆತ ವಾಸನೆ ಏಳುತ್ತಿದೆ. ಹಿಮದಿಂದ ಹೊರಬಿದ್ದ ಮೈ ಹೆಚ್ಚು ದಿನ ಉಳಿಯುವುದಿಲ್ಲ. ಹೆಕ್ಕುವವರು ಬೇಗ ಬರಬೇಕು. ಕೀಟತಜ್ಞ ಜೆಫ್ರಿ ಲಾಕ್‌ವುಡ್ ಮತ್ತು ಅವರ ಸಂಗಡಿಗರು ಹೀಗೆ ಬೆಟ್ಟ ಹತ್ತಿ, ಬಗ್ಗಿ, ಒಂದೊಂದನ್ನೇ ಆರಿಸಿದವರು.

ಇವು ರಾಕಿ ಬೆಟ್ಟದ ಮಿಡತೆಗಳು, ಮೆಲನೋಪ್ಲಸ್ ಸ್ಪ್ರೀಟಸ್. ಇಂದು ಇಷ್ಟು ಮೌನವಾಗಿರುವ ಈ ಜೀವ 1875ರಲ್ಲಿ ನೆಬ್ರಾಸ್ಕದ ಆಕಾಶವನ್ನೇ ಮುಚ್ಚಿತ್ತು. ಮೋಡವೆಂದುಕೊಂಡದ್ದು ಮಿನುಗುತ್ತ ಇಳಿದು, ಮೆಕ್ಕೆಜೋಳದ ಹೊಲವನ್ನು ಬೇರುಮಟ್ಟ ಮೇಯ್ದು, ಒಣಗಲು ಹಾಕಿದ ಬಟ್ಟೆಯನ್ನೂ ಬೆವರಿನ ಉಪ್ಪು ಹಿಡಿದ ಸಲಿಕೆಯ ಹಿಡಿಯನ್ನೂ ಕಡಿಯಿತು. ರೈಲುಹಳಿಯ ಮೇಲೆ ಅರೆದುಹೋದ ಮಿಡತೆಗಳ ಜಿಡ್ಡಿಗೆ ಗಾಲಿಗಳು ಜಾರಿದವು. ಆಲ್ಬರ್ಟ್ ಚೈಲ್ಡ್ ಎಂಬುವರು ತಂತಿ ಸುದ್ದಿಗಳನ್ನು ಜೋಡಿಸಿ ಲೆಕ್ಕಹಾಕಿದಾಗ ಆ ಹಿಂಡಿನ ಅಗಲ 110 ಮೈಲಿ, ಉದ್ದ 1,800 ಮೈಲಿ ಎಂದು ಬಂತು. ಕಾಲು ಶತಮಾನದಷ್ಟೇ ಕಳೆದು, 1902ರಲ್ಲಿ ಕೆನಡಾದ ಮನಿಟೋಬದಲ್ಲಿ ಕೊನೆಯ ಜೀವಂತ ಮಿಡತೆ ಸಿಕ್ಕಿತು. ಆಮೇಲೆ ಇಲ್ಲ.

ಹೋದದ್ದೆಲ್ಲಿಗೆ? 1921ರಲ್ಲಿ ಕೀಟತಜ್ಞ ಬೋರಿಸ್ ಉವರೋವ್ ಒಂದು ಬೆರಗಿನ ಸಂಗತಿ ಹೇಳಿದ್ದರು: ಒಂದೇ ಜಾತಿಯ ಮಿಡತೆ ಒಂಟಿಯಾಗಿ ಬೆಳೆದರೆ ಒಂದು ರೂಪ, ಗುಂಪಿನಲ್ಲಿ ಒತ್ತಿ ಬೆಳೆದರೆ ಬಣ್ಣ, ರೆಕ್ಕೆ, ನಡವಳಿಕೆ ಎಲ್ಲವೂ ಬೇರೆ. ಹಾಗಾದರೆ ಸ್ಪ್ರೀಟಸ್ ಅಳಿದೇ ಇಲ್ಲ, ಈಗಲೂ ಹೊಲಗಳಲ್ಲಿ ಕುಪ್ಪಳಿಸುವ ಸ್ಯಾಂಗ್ವಿನಿಪಸ್ ಎಂಬ ನೆಂಟನ ಗುಂಪುರೂಪವೇ ಅದು ಎಂದು ಹಲವರು ನಂಬಿದರು. ಕಣ್ಣಳತೆಯಲ್ಲಿ ಈ ಜಗಳ ಬಗೆಹರಿಯುವಂಥದ್ದಲ್ಲ. ಈ ಕುಲದ ಮಿಡತೆಗಳನ್ನು ಬೇರ್ಪಡಿಸಲು ಗಂಡಿನ ಬಾಲತುದಿಯ ಕೂದಲೆಳೆಯಷ್ಟು ವ್ಯತ್ಯಾಸವನ್ನೇ ನೆಚ್ಚಬೇಕು.

ಈಗ ಬೆಟ್ಟ ಇಳಿದು ಪ್ರಯೋಗಾಲಯಕ್ಕೆ ಬನ್ನಿ. ಸ್ಪಿರಿಟ್ಟಿನ ಘಾಟು, ಫ್ಯಾನಿನ ಗುಂಯ್‌ಗುಡುವಿಕೆ, ಬೆರಳುದ್ದದ ಪ್ಲಾಸ್ಟಿಕ್ ಕೊಳವೆಗಳ ಸಾಲು. ಡಿಎನ್‌ಎ ಓದಿ ಜಾತಿ ಗುರುತಿಸುವ ಕೆಲಸಕ್ಕೆ ಒಂದು ಹಿಂಗಾಲು ಸಾಕು. ಅದರ ಸ್ನಾಯುವನ್ನು ಅರೆದು ಡಿಎನ್‌ಎ ತೆಗೆಯುತ್ತಾರೆ. ಹಳೆಯ ಮೈಯಲ್ಲಿ ಅದು ಚೂರುಚೂರಾಗಿರುತ್ತದೆ. ಅದಕ್ಕೇ ತಾಯಿಯಿಂದ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯ ಮೇಲೆ ಆಸೆ: ಪ್ರತಿ ಜೀವಕೋಶದಲ್ಲೂ ಅದರ ನೂರಾರು ಪ್ರತಿಗಳಿರುವುದರಿಂದ ಯಾವುದಾದರೂ ತುಣುಕು ಉಳಿದಿರುತ್ತದೆ. ಆದರೆ ಮಿಡತೆ ಇಲ್ಲೂ ಸತಾಯಿಸುತ್ತದೆ. ವಲಸೆ ಮಿಡತೆಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಮನುಷ್ಯನದರ ಸುಮಾರು ಎರಡರಷ್ಟು ದೊಡ್ಡದು. ಮಿಡತೆಗಳ ಇಂಥ ದೊಡ್ಡ ಉಗ್ರಾಣದಲ್ಲಿ ಮೈಟೊಕಾಂಡ್ರಿಯದ ಹಳೆಯ ನಕಲುಗಳು ಸೇರಿಕೊಂಡಿರುತ್ತವೆ. ನಕಲನ್ನೇ ಅಸಲೆಂದು ಓದಿದರೆ ಇಡೀ ವಂಶವೃಕ್ಷ ತಪ್ಪುತ್ತದೆ. ಸೋಸಿ, ಮತ್ತೆ ಓದಿ, ಅಕ್ಷರಕ್ಕೆ ಅಕ್ಷರ ಹೊಂದಿಸುವ ಈ ತಾಳ್ಮೆ ನನಗೆ ಅಕ್ಕಿ ಆರಿಸುವ ಅಜ್ಜಿಯರನ್ನು ನೆನಪಿಸುತ್ತದೆ.

ಕೆನಡಾದ ಸಂಶೋಧಕರಾದ ವಿಲಿಯಂ ಚಾಪ್ಕೊ ಮತ್ತು ಲಿಟ್ಜೆನ್‌ಬರ್ಗರ್ 2004ರಲ್ಲಿ ಸ್ಪ್ರೀಟಸ್‌ನ ಡಿಎನ್‌ಎಯ ಆ ಅಕ್ಷರಗಳನ್ನು ಪ್ರಕಟಿಸಿದರು. ಸ್ಪ್ರೀಟಸ್ ಯಾರ ವೇಷವೂ ಅಲ್ಲ, ತನ್ನದೇ ಜಾತಿ, ನಿಜವಾಗಿಯೂ ಅಳಿದುಹೋಗಿದೆ. ಅಳಿದದ್ದೇಕೆ? ಹಿಂಡು ಚದುರಿದ ವರ್ಷಗಳಲ್ಲಿ ಅದು ಮೊಟ್ಟೆಯಿಡುತ್ತಿದ್ದದ್ದು ರಾಕಿ ಬೆಟ್ಟಗಳ ನಡುವಿನ ನದಿಕಣಿವೆಗಳ ಮಣ್ಣಿನಲ್ಲಿ. ಅಲ್ಲಿಗೆ ವಲಸೆ ಬಂದ ರೈತರು ಉತ್ತು, ನೀರು ಹಾಯಿಸಿದಾಗ ಆ ತೊಟ್ಟಿಲೇ ಮಗುಚಿತು ಎನ್ನುತ್ತಾರೆ ಲಾಕ್‌ವುಡ್. ಊರೂರನ್ನೇ ಹಸಿವಿಗೆ ನೂಕಿದ ಜೀವಕ್ಕೂ ಇಂಥ ಕೊನೆ ಬಂದದ್ದು ಓದಿದರೆ ಮನಸ್ಸು ಭಾರವಾಗುತ್ತದೆ.

2004ರ ಆ ಅಧ್ಯಯನದಲ್ಲಿ ಸ್ಪ್ರೀಟಸ್‌ಗೆ ತೀರ ಹತ್ತಿರದ ಬಂಧುವಾಗಿ ಕಂಡದ್ದು ಬ್ರೂನರಿ ಎಂಬ ಮಿಡತೆ. ಅದು ಇಂದಿಗೂ ರಾಕಿ ಬೆಟ್ಟಗಳ ಹುಲ್ಲಿನಲ್ಲಿದೆ. ಕಾಲಿಟ್ಟರೆ ಟಪ್ಪೆಂದು ಹಾರಿ, ಎರಡು ಮಾರು ದೂರದಲ್ಲಿ ಕೂತು, ಮತ್ತೆ ಮೇಯತೊಡಗುತ್ತದೆ.